ಮೌಸ್ ಯಾರ ಕೈಯಲ್ಲಿದೆ?

ಹತ್ತನೇ ತರಗತಿಯ ಗಣಿತ. ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್. ಹೊರಗೆ ಜೋರು ಮಳೆ. ಪರದೆಯ ಮೇಲೆ ಒಂದು ವೃತ್ತ, ಅದಕ್ಕೊಂದು ವ್ಯಾಸ, ವೃತ್ತದ ಗೆರೆಯ ಮೇಲೊಂದು ಚುಕ್ಕಿ. ವ್ಯಾಸದ ಎರಡು ತುದಿಗಳಿಂದ ಚುಕ್ಕಿಗೆ ಎರಡು ಗೆರೆ. ನಾನು ಲ್ಯಾಪ್‌ಟಾಪ್ ಮುಂದೆ ನಿಂತು ಚುಕ್ಕಿಯನ್ನು ಅತ್ತಿತ್ತ ಎಳೆದೆ. ಎಲ್ಲಿಗೆ ಎಳೆದರೂ ಕೋನ 90 ಡಿಗ್ರಿ. "ನೋಡಿದ್ರಾ? ಅರ್ಧವೃತ್ತದ ಕೋನ ಯಾವಾಗಲೂ ಲಂಬಕೋನ" ಎಂದೆ. "ಹೌದು ಟೀಚರ್" ಎಂದರು ಮಕ್ಕಳು.

ಮರುದಿನ ಕೇಳಿದೆ, "ನಿನ್ನೆ ಏನು ಕಲಿತದ್ದು?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ, "ಚುಕ್ಕಿ ತಿರುಗಿದ್ದು ಟೀಚರ್."

ಆ ಉತ್ತರ ತುಂಬಾ ದಿನ ನನ್ನ ತಲೆಯಲ್ಲೇ ಇತ್ತು. ಹುಡುಗ ಸರಿಯಾಗಿಯೇ ಹೇಳಿದ್ದ. ಅವನಿಗೆ ಸಿಕ್ಕಿದ್ದು ಅಷ್ಟೇ. ಚುಕ್ಕಿ ಎಳೆದದ್ದು ನಾನು, ಕೋನ ಓದಿದ್ದು ನಾನು, ತೀರ್ಮಾನ ಹೇಳಿದ್ದೂ ನಾನು. ಮಕ್ಕಳ ಪಾಲಿಗೆ ಬಂದದ್ದು ನೋಡುವ ಕೆಲಸ ಮಾತ್ರ. ಸೀಮೆಸುಣ್ಣದ ಜಾಗಕ್ಕೆ ಪ್ರೊಜೆಕ್ಟರ್ ಬಂದಿತ್ತು. ಪಾಠ ಬದಲಾಗಿರಲಿಲ್ಲ.

ತರಬೇತಿಗಳಲ್ಲಿ 'ವಿದ್ಯಾರ್ಥಿ ಕೇಂದ್ರಿತ ಕಲಿಕೆ' ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಕೇಳುವಾಗ ದೊಡ್ಡದೆನಿಸುತ್ತದೆ. ನಾನು ಅದನ್ನು ನಾಲ್ಕು ಸಣ್ಣ ಪ್ರಶ್ನೆಗಳಾಗಿ ಒಡೆದುಕೊಂಡಿದ್ದೇನೆ. ಈ ಪಾಠದಲ್ಲಿ ಊಹೆ ಮಾಡುವುದು ಯಾರು? ಕೈಯಿಟ್ಟು ಪರೀಕ್ಷಿಸುವುದು ಯಾರು? ತಪ್ಪುವುದು ಯಾರು? ಕೊನೆಗೆ 'ಹೀಗೇಕೆ' ಎಂದು ಹೇಳುವುದು ಯಾರು? ನಾಲ್ಕಕ್ಕೂ 'ಟೀಚರ್' ಎಂಬುದೇ ಉತ್ತರವಾದರೆ, ಎಷ್ಟೇ ದುಬಾರಿ ಯಂತ್ರ ತಂದಿಟ್ಟರೂ ಅದು ಹಳೆಯ ಪಾಠವೇ.

ನಮ್ಮ ಕಾಸರಗೋಡಿನ ಮಟ್ಟಿಗೆ ಯಂತ್ರದ ಕೊರತೆ ಎಂದು ಹೇಳುವ ಹಾಗಿಲ್ಲ. ಕೇರಳದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತರುವ ಐಟಿ@ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು. ಅದು 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು. ಹೈಟೆಕ್ ಶಾಲೆ ಯೋಜನೆಯಲ್ಲಿ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಅವುಗಳಲ್ಲಿರುವುದು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ. ಆಕೃತಿಗಳನ್ನು ಬರೆದು ಎಳೆದು ನೋಡುವ ಜಿಯೋಜಿಬ್ರಾ, ಬರಹ ಮತ್ತು ಕೋಷ್ಟಕಗಳ ಲಿಬ್ರೆಆಫೀಸ್, ಧ್ವನಿ ಮುದ್ರಿಸುವ ಆಡಾಸಿಟಿ ಎಲ್ಲವೂ ಉಚಿತ. ಮಗುವಿನ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದಕ್ಕೂ ಹಾಕಿಕೊಡಬಹುದು, ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. ಇದು ಸಣ್ಣ ವಿಷಯವಲ್ಲ.

ಆದರೆ ಅಭ್ಯಾಸ ಯಂತ್ರದಷ್ಟು ಬೇಗ ಬದಲಾಗುವುದಿಲ್ಲ. 2005ರಲ್ಲಿ ಕೇರಳ ಸರಕಾರದ ಶೈಕ್ಷಣಿಕ ಟಿವಿ, ವಿಕ್ಟರ್ಸ್ ಚಾನೆಲ್ ಬಂತು. ಕೋವಿಡ್ ಬಂದಾಗ, 2020ರ ಜೂನ್ 1ರಿಂದ, ಅದರಲ್ಲಿ 'ಫಸ್ಟ್ ಬೆಲ್' ಪಾಠಗಳು ಶುರುವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ತಯಾರಾದವು. ಆ ಕಷ್ಟಕಾಲದಲ್ಲಿ ಅದು ದೊಡ್ಡ ಆಸರೆಯೇ ಆಗಿತ್ತು. ಆದರೆ ಟಿವಿ ಮಾತಾಡುತ್ತದೆ, ಮಗು ಕೇಳುತ್ತದೆ. ಮಗು ತಿರುಗಿ ಕೇಳಿದರೆ ಟಿವಿಗೆ ಕೇಳಿಸುವುದಿಲ್ಲ. ಶಾಲೆ ತೆರೆದ ಮೇಲೂ ನಾವು ಕೆಲವರು ಅದೇ ರೂಢಿಯಲ್ಲಿ ಮುಂದುವರಿದೆವು. ವಿಡಿಯೊ ಹಾಕುವುದು, ಕೊನೆಗೆ "ಅರ್ಥ ಆಯ್ತಾ" ಎಂದು ಕೇಳುವುದು. ಎದುರಿಗೆ ಕೂತಿರುವ ಮಗುವಿನ ಜೊತೆ ಮಾತಾಡಲು ಸಾಧ್ಯವಿದ್ದೂ ಹಾಗೆ ಮಾಡಿದೆವು. ಅದು ನನಗೆ ಈಗಲೂ ಬೇಸರದ ವಿಷಯ.

ಅದೇ ವೃತ್ತ, ಎರಡನೇ ಸಲ

ಮುಂದಿನ ವರ್ಷ ಅದೇ ಪಾಠವನ್ನು ತಿರುಗಿಸಿ ಹಾಕಿದೆ. ಮೊದಲು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಪ್ರತಿಯೊಬ್ಬರೂ ಪುಸ್ತಕದಲ್ಲಿ ಒಂದು ಅರ್ಧವೃತ್ತ ಬರೆಯಲಿ, ಅದರ ಮೇಲೆ ತಮಗೆ ಇಷ್ಟ ಬಂದಲ್ಲಿ ಚುಕ್ಕಿ ಇಡಲಿ, ಕೋನ ಅಳೆಯಲಿ ಎಂದೆ. ಉತ್ತರಗಳು ಬಂದವು: 89, 91, 90, 88, 90, 92. ಎಲ್ಲವನ್ನೂ ಬೋರ್ಡಿನಲ್ಲಿ ಬರೆದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ. "ನಮ್ಮ ಅಳತೆ ಸ್ವಲ್ಪ ಸ್ವಲ್ಪ ತಪ್ಪಿದ್ದಾ, ಅಥವಾ ಕೋನಗಳೇ ಬೇರೆ ಬೇರೆಯಾ?"

ಕ್ಲಾಸಿನಲ್ಲಿ ಎರಡು ಪಕ್ಷವಾಯಿತು. ಅಳತೆಯೇ ತಪ್ಪು ಎಂದು ಒಂದಷ್ಟು ಮಂದಿ. ಚುಕ್ಕಿ ಬದಿಗೆ ಹೋದ ಹಾಗೆ ಕೋನ ಕಡಿಮೆ ಆಗುತ್ತದೆ ಎಂದು ಇನ್ನೊಂದಷ್ಟು ಮಂದಿ. ಯಾರು ಸರಿ ಎಂದು ನಾನು ಹೇಳಲಿಲ್ಲ. ಈಗ ಎಲ್ಲರಿಗೂ ಯಂತ್ರ ಬೇಕಾಯಿತು. ಈ 'ಬೇಕಾಗುವುದು' ಬಹಳ ಮುಖ್ಯ. ಕೋನಮಾಪಕದಿಂದ ತೀರದ ಜಗಳವನ್ನು ಜಿಯೋಜಿಬ್ರಾ ತೀರಿಸಬಲ್ಲದು ಎಂಬ ಕಾರಣಕ್ಕೆ ಅದು ತೆರೆಯಿತು. ಪಾಠದ ಟಿಪ್ಪಣಿಯಲ್ಲಿ ಬರೆದಿದೆ ಎಂಬ ಕಾರಣಕ್ಕೆ ಅಲ್ಲ.

ಒಬ್ಬಳನ್ನು ಕರೆದು ಮೌಸ್ ಕೊಟ್ಟೆ. ಅವಳು ಚುಕ್ಕಿಯನ್ನು ಗೆರೆಯ ಮೇಲೆ ಸುತ್ತಿಸಿದಳು. 90, 90, 90. 'ಅಳತೆ ತಪ್ಪು' ಪಕ್ಷದವರು ಕೂಗಿದರು. ಅಲ್ಲಿಗೆ ನಾನು ಯೋಚಿಸಿದ್ದ ಪಾಠ ಮುಗಿದಿತ್ತು. ಆದರೆ ಅವಳು ಮೌಸ್ ಬಿಡಲಿಲ್ಲ. ಗೆರೆಗೆ ಕಟ್ಟಿದ್ದ ಆ ಚುಕ್ಕಿಯನ್ನು ಬಿಟ್ಟು, ಬೇರೊಂದು ಬಿಡಿ ಚುಕ್ಕಿ ಇಟ್ಟು, ಗೆರೆ ಎಳೆದು, ಅದನ್ನು ವೃತ್ತದ ಒಳಗೆ ತಂದಳು. "ಟೀಚರ್, ಒಳಗೆ ತಂದ್ರೆ ಜಾಸ್ತಿ ಆಗ್ತದೆ." 97, 104, 120. ಹಾಗೇ ಹೊರಗೆ ಎಳೆದಳು. 85, 70, 52. "ಹೊರಗೆ ಹೋದ್ರೆ ಕಮ್ಮಿ."

ಇದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಒಳಗಿದ್ದರೆ 90ಕ್ಕಿಂತ ಜಾಸ್ತಿ, ಹೊರಗಿದ್ದರೆ ಕಡಿಮೆ, ಸರಿಯಾಗಿ ಗೆರೆಯ ಮೇಲೆ ಮಾತ್ರ 90. ಹಾಗಾದರೆ ಈ ವೃತ್ತವೆಂದರೆ ಏನು? ವ್ಯಾಸವನ್ನು ಲಂಬಕೋನದಲ್ಲಿ ನೋಡುವ ಎಲ್ಲ ಚುಕ್ಕಿಗಳ ಸಾಲು. ಹತ್ತನೇ ತರಗತಿಯ ಮಗುವಿಗೆ ಇದು ಬಾಯಿಪಾಠದ ವಾಕ್ಯವಾಗಿ ಸಿಗಬಾರದು. ಹೀಗೆ, ಕೈಯಲ್ಲಿ ಸಿಗಬೇಕು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಪರದೆ 'ಹೌದು' ಎನ್ನುತ್ತದೆ, 'ಏಕೆ' ಎನ್ನುವುದಿಲ್ಲ. ಸಾವಿರ ಸಲ 90 ತೋರಿಸಿದರೂ ಅದು ಕಾರಣವಲ್ಲ. ಹಾಗಾಗಿ ಕೊನೆಯ ಹದಿನೈದು ನಿಮಿಷ ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ಪುಸ್ತಕಕ್ಕೆ ಬಂದೆವು. ಕೇಂದ್ರದಿಂದ ಚುಕ್ಕಿಗೆ ಒಂದು ಗೆರೆ ಎಳೆದರೆ ತ್ರಿಕೋನ ಎರಡು ತುಂಡಾಗುತ್ತದೆ. ಎರಡರಲ್ಲೂ ಎರಡೆರಡು ಬದಿ ತ್ರಿಜ್ಯಗಳೇ, ಅಂದರೆ ಸಮ. ಬದಿ ಸಮವಾದರೆ ಅವುಗಳ ಎದುರಿನ ಕೋನವೂ ಸಮ. ಒಂದರಲ್ಲಿ x, x. ಇನ್ನೊಂದರಲ್ಲಿ y, y. ದೊಡ್ಡ ತ್ರಿಕೋನದ ಕೋನಗಳನ್ನು ಕೂಡಿಸಿದರೆ ಎರಡು x, ಎರಡು y, ಒಟ್ಟು 180. ಹಾಗಾದರೆ x ಮತ್ತು y ಸೇರಿ 90. ಚುಕ್ಕಿಯ ಹತ್ತಿರ ಇರುವುದು ಅದೇ x ಮತ್ತು y. ಈ ನಾಲ್ಕು ಸಾಲನ್ನು ಬೋರ್ಡಿನಲ್ಲಿ ಬರೆದದ್ದು ಇಬ್ಬರು ಮಕ್ಕಳು. ನಡುವೆ ಸಿಕ್ಕಿಕೊಂಡಾಗ ನಾನು ಒಂದು ಮಾತು ಸೇರಿಸಿದೆ, ಅಷ್ಟೆ.

ಜಿಯೋಜಿಬ್ರಾವನ್ನು ಮಾರ್ಕುಸ್ ಹೊಹೆನ್‌ವಾರ್ಟರ್ ಎಂಬವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ತಮ್ಮ ಪ್ರಬಂಧಕ್ಕಾಗಿ ಮಾಡಲು ಶುರುಮಾಡಿದ್ದು. ಕಲಿಯುವವರು ಎಳೆದು ನೋಡಬೇಕು ಎಂಬುದೇ ಅದರ ಜೀವಾಳ. ಎಳೆಯುವ ಕೆಲಸವನ್ನು ಟೀಚರ್ ಕಸಿದುಕೊಂಡರೆ ಅದು ಅಲುಗಾಡುವ ಚಿತ್ರ ಮಾತ್ರ.

ಮೂವರಿಗೆ ಒಂದು ಕಂಪ್ಯೂಟರ್

"ಎಲ್ಲರ ಕೈಗೂ ಮೌಸ್ ಕೊಡುವುದು ಹೇಗೆ, ಅಷ್ಟು ಕಂಪ್ಯೂಟರ್ ಎಲ್ಲಿದೆ?" ಎಂದು ಬೇರೆ ಶಾಲೆಯ ಅಧ್ಯಾಪಕರು ಕೇಳುತ್ತಾರೆ. ನಿಜ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಮೂವರು ಕೂರುವುದೇ ಹೆಚ್ಚು. ನಾನು ಒಂದು ದಿನ ಸುಮ್ನೆ ಹಿಂದೆ ನಿಂತು ನೋಡಿದೆ. ಬಹುತೇಕ ಎಲ್ಲ ಗುಂಪಿನಲ್ಲೂ ಮೌಸ್ ಹಿಡಿದದ್ದು ಮನೆಯಲ್ಲಿ ಕಂಪ್ಯೂಟರ್ ಇರುವ ಮಗು. ನಡುವೆ ಕೂತವರು ನೋಡುತ್ತಿದ್ದರು. ಅಂಚಿನಲ್ಲಿ ಕೂತವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂದರೆ, ನಾನು ತರಗತಿಯಲ್ಲಿ ಮಾಡುತ್ತಿದ್ದ ತಪ್ಪನ್ನು ಇಲ್ಲಿ ಮಕ್ಕಳೇ ಮಾಡುತ್ತಿದ್ದರು.

ಅದಕ್ಕೆ ಈಗ ಒಂದು ನಿಯಮ ಇದೆ. ಮೌಸ್ ಹಿಡಿದವರು ತಮ್ಮಷ್ಟಕ್ಕೆ ಏನನ್ನೂ ಮಾಡಬಾರದು. ಪಕ್ಕದವರು ಹೇಳಿದ್ದನ್ನು ಮಾತ್ರ ಮಾಡಬೇಕು. ಮೂರನೆಯವರು ನಡೆದದ್ದನ್ನು ಬರೆಯಬೇಕು. ಎಂಟು ನಿಮಿಷಕ್ಕೊಮ್ಮೆ ಜಾಗ ಬದಲು. ಹೇಳುವವರಿಗೆ ಕೈಯಿಂದ ಮಾಡುವ ಹಾಗಿಲ್ಲವಾದ್ದರಿಂದ ಬಾಯಿಬಿಟ್ಟು ವಿವರಿಸಲೇಬೇಕು. "ಅದು ಅಲ್ಲ, ಆಚೆದು" ಎಂದು ಶುರುವಾದ ಮಾತು ಎರಡು ವಾರದಲ್ಲಿ "ವ್ಯಾಸದ ಬಲತುದಿ ಹಿಡಿ" ಎಂಬಲ್ಲಿಗೆ ಬಂತು. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರಲ್ಲೂ ಇಬ್ಬರು ಒಂದೇ ಯಂತ್ರದ ಮುಂದೆ ಕೂತು, ಒಬ್ಬರು ಹೇಳಿ ಒಬ್ಬರು ಬರೆಯುವ ಕ್ರಮವಿದೆ. ಯಂತ್ರ ಕಡಿಮೆ ಇರುವುದು ಕೊರತೆಯೇ, ಒಪ್ಪಿಕೊಳ್ಳುತ್ತೇನೆ. ಆದರೆ ಮೂವರು ಮಾತಾಡಿಕೊಂಡು ಕಲಿಯುವುದು ಒಬ್ಬರೇ ಪರದೆ ನೋಡುವುದಕ್ಕಿಂತ ಎಷ್ಟೋ ಮೇಲು ಎಂದು ಈಗ ನನಗೆ ಅನಿಸುತ್ತದೆ.

ಲ್ಯಾಬೂ ಸಿಗದ ದಿನ ಏನು ಮಾಡುವುದು? ಕೇರಳದಲ್ಲಿ ಮಕ್ಕಳು ಶಾಲೆಗೆ ಫೋನ್ ತರುವ ಹಾಗಿಲ್ಲ, ತರಬಾರದು ಎಂದೇ ನನ್ನ ಅಭಿಪ್ರಾಯ ಕೂಡ. ನಮ್ಮ ಭೌತವಿಜ್ಞಾನದ ಅಧ್ಯಾಪಕರು ಇದಕ್ಕೊಂದು ದಾರಿ ಮಾಡಿದ್ದಾರೆ. ಪ್ಲಿಕರ್ಸ್ ಎಂಬ ಆ್ಯಪ್. ಅದರಲ್ಲಿ ಪ್ರತಿ ಮಗುವಿಗೂ ಒಂದು ಕಾಗದದ ಚೀಟಿ. ಅದರ ಮೇಲೆ ಕಪ್ಪು ಬಿಳಿ ಚೌಕಗಳ ಒಂದು ವಿನ್ಯಾಸ. ಚೀಟಿಯ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವ ಹಾಗೆ ಮಗು ಚೀಟಿ ಎತ್ತಿ ಹಿಡಿಯುತ್ತದೆ. ಅಧ್ಯಾಪಕರು ತಮ್ಮ ಒಂದೇ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಉದ್ದಕ್ಕೆ ತೋರಿಸಿದರೆ ಸಾಕು, ಯಾರು ಏನು ಹೇಳಿದರು ಎಂದು ಬಂದುಬಿಡುತ್ತದೆ. ಪಕ್ಕದವರ ವಿನ್ಯಾಸವೇ ಬೇರೆ, ಹಾಗಾಗಿ ಕದ್ದು ನೋಡಿ ಪ್ರಯೋಜನವಿಲ್ಲ. ಕೈ ಎತ್ತಲು ನಾಚುವ ಮಗುವೂ ಇಲ್ಲಿ ಉತ್ತರ ಕೊಡುತ್ತದೆ. ಚೀಟಿಗಳನ್ನು ರಟ್ಟಿಗೆ ಅಂಟಿಸಿಟ್ಟರೆ ಇಡೀ ವರ್ಷಕ್ಕೆ ಬರುತ್ತವೆ.

ಆದರೆ ಚೀಟಿಗಿಂತ ಅವರು ಕೇಳುವ ಪ್ರಶ್ನೆ ದೊಡ್ಡದು. ಒಂದು ದಿನ ಕೇಳಿದ್ದು: ಸೆಲ್ಲಿಗೆ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದೇವೆ. ಎರಡನೇ ಬಲ್ಬಿಗೆ ಹೋಗುವ ಕರೆಂಟು ಮೊದಲನೆಯದಕ್ಕಿಂತ ಕಡಿಮೆಯಾ, ಸಮವಾ, ಜಾಸ್ತಿಯಾ? ಅರ್ಧಕ್ಕರ್ಧ ಮಕ್ಕಳು 'ಕಡಿಮೆ' ಎಂದರು. ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ಖರ್ಚು ಮಾಡಿರಬೇಕಲ್ವಾ? ಈ ತಪ್ಪಿನ ಬೇರು ನಮ್ಮ ಮಾತಿನಲ್ಲೇ ಇದೆ. ಮನೆಯಲ್ಲಿ ನಾವೆಲ್ಲ "ಫ್ಯಾನ್ ಹಾಕಿ ಕರೆಂಟು ಖರ್ಚು ಮಾಡ್ಬೇಡ" ಎನ್ನುವವರೇ. ಖರ್ಚಾಗುವುದು ಶಕ್ತಿ, ಕರೆಂಟಲ್ಲ. ತಂತಿಯಲ್ಲಿ ಎಷ್ಟು ಹೋಯಿತೋ ಅಷ್ಟೇ ತಿರುಗಿ ಬರುತ್ತದೆ.

ಅವರು ಉತ್ತರ ಹೇಳಲಿಲ್ಲ. "ಪಕ್ಕದವರನ್ನು ಒಪ್ಪಿಸಿ ನೋಡಿ" ಎಂದು ಮೂರು ನಿಮಿಷ ಬಿಟ್ಟು, ಮತ್ತೆ ಚೀಟಿ ಎತ್ತಿಸಿದರು. ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಇದು. ಅವರ ಲೆಕ್ಕ ಸರಳ. ಮೊದಲ ಸಲವೇ ಸರಿ ಉತ್ತರ ಶೇಕಡಾ 70 ದಾಟಿದರೆ ಚರ್ಚೆ ಬೇಡ, ಮುಂದೆ ಹೋಗಿ. 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. ಅದರ ನಡುವೆ ಇದ್ದರೆ ಮಕ್ಕಳು ಒಬ್ಬರಿಗೊಬ್ಬರು ವಿವರಿಸಲಿ. ಸರಿ ತಿಳಿದವರೂ ಸಾಕಷ್ಟು ಇರುತ್ತಾರೆ, ತಪ್ಪು ತಿಳಿದವರೂ ಇರುತ್ತಾರೆ, ಹಾಗಾಗಿ ಮಾತಿಗೆ ಬೆಲೆ ಬರುತ್ತದೆ.

ಚರ್ಚೆಯ ನಂತರವೇ ಪರೀಕ್ಷೆ. ಟಾರ್ಚಿನ ಎರಡು ಬಲ್ಬು, ಸೆಲ್, ತಂತಿ ಮೊದಲು ಬಂದವು. ಇಲ್ಲಿ ಒಂದು ತೊಡಕು ಇದೆ. ನೋಡಲು ಒಂದೇ ಥರ ಇರುವ ಬಲ್ಬುಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ತುಸು ಮಂಕಾಗಿ ಉರಿದರೆ 'ಕಡಿಮೆ' ಎಂದವರು ತಮ್ಮದೇ ಸರಿ ಎನ್ನುತ್ತಾರೆ. ಆಗ ಫೆಟ್ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲೇ ಮಾಡಿ ನೋಡುವ ಪ್ರಯೋಗ, ಕೆಲಸಕ್ಕೆ ಬರುತ್ತದೆ. ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಶುರುಮಾಡಿದ ಯೋಜನೆ ಅದು. ಅದರಲ್ಲಿ ಬಲ್ಬುಗಳು ಪೂರ್ತಿ ಸಮ. ಕರೆಂಟು ಅಳೆಯುವ ಆಮ್ಮೀಟರನ್ನು ಎಲ್ಲಿ ಇಟ್ಟರೂ ಒಂದೇ ಸಂಖ್ಯೆ. ತಂತಿಯಲ್ಲಿ ಹರಿಯುವ ಇಲೆಕ್ಟ್ರಾನ್‌ಗಳು ಸಣ್ಣ ಉಂಡೆಗಳಾಗಿ ಕಾಣುತ್ತವೆ. ನಿಜವಾದ ಬಲ್ಬು ಕೈಗೆ ಬಿಸಿ ತಾಗಿಸುತ್ತದೆ, ಸಿಮ್ಯುಲೇಷನ್ ಕಣ್ಣಿಗೆ ಕಾಣದ್ದನ್ನು ತೋರಿಸುತ್ತದೆ. ಎರಡೂ ಬೇಕು. ಒಂದರ ಬದಲು ಇನ್ನೊಂದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈ ಸಿಮ್ಯುಲೇಷನ್‌ಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓಡುತ್ತವೆ. ಜುಲೈಯಲ್ಲಿ ಗುಡ್ಡೆಯ ಮೇಲಿನ ಶಾಲೆಗಳಲ್ಲಿ ರೇಂಜ್ ನಂಬಿ ಪಾಠ ಮಾಡುವ ಹಾಗಿಲ್ಲ.

ನಮಗೆ ಸಿಗದ ಪಾಠ

ಗಡಿನಾಡಿನ ಕನ್ನಡ ಶಾಲೆಗೆ ಬೇರೆಯವರಿಗೆ ಇಲ್ಲದ ಒಂದು ಕಷ್ಟ ಇದೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಪಠ್ಯ ಕೇರಳದ್ದು, ಕಲಿಯುವ ಭಾಷೆ ಕನ್ನಡ. ಕೇರಳದ ಡಿಜಿಟಲ್ ಪಾಠಗಳು ಜಾಸ್ತಿ ಇರುವುದು ಮಲಯಾಳದಲ್ಲಿ. ಕರ್ನಾಟಕದ ವಿಡಿಯೊಗಳು ಕನ್ನಡದಲ್ಲಿವೆ, ಆದರೆ ಪಾಠದ ಕ್ರಮ ಬೇರೆ. ಹುಡುಕಿ ಹುಡುಕಿ ಸುಸ್ತಾಗುವುದು ಇಲ್ಲಿನ ಅಧ್ಯಾಪಕರ ದಿನಚರಿ.

ಮೇಲಾಗಿ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ಪುಸ್ತಕದ ಕನ್ನಡವನ್ನೇ ಮಾತಾಡುತ್ತದೆ ಎಂದಿಲ್ಲ. ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಇರಬಹುದು. ಮಳೆಗೆ ಒಬ್ಬನ ಮನೆಯಲ್ಲಿ ಬರ್ಸ, ಒಬ್ಬಳ ಮನೆಯಲ್ಲಿ ಪಾವ್ಸು, ಇನ್ನೊಬ್ಬರಲ್ಲಿ ಮಳ. ಮಂಗಳೂರಿನಲ್ಲೋ ತಿರುವನಂತಪುರದಲ್ಲೋ ತಯಾರಾದ ಯಾವ ವಿಡಿಯೊವೂ ಈ ಬೆಂಚನ್ನು ಮನಸ್ಸಿನಲ್ಲಿಟ್ಟು ತಯಾರಾಗಿರುವುದಿಲ್ಲ.

ನನಗೆ ಇಲ್ಲೇ ದಾರಿ ಕಂಡಿತು. ಸಿಗದ ಪಾಠವನ್ನು ಮಕ್ಕಳೇ ಮಾಡಲಿ. 2018ರಿಂದ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಐಟಿ ಕ್ಲಬ್ಬುಗಳಿವೆ. ಅನಿಮೇಷನ್, ಪ್ರೋಗ್ರಾಮಿಂಗ್, ಕಂಪ್ಯೂಟರಿನಲ್ಲಿ ಅವರವರ ಭಾಷೆ ಟೈಪ್ ಮಾಡುವುದು ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಆ ಮಕ್ಕಳ ಕೈಯಲ್ಲಿ ಹತ್ತರ ಪಾಠದ ಮೂರು ನಿಮಿಷದ ಕನ್ನಡ ವಿವರಣೆ ಮಾಡಿಸಿ ನೋಡಿ. ಮೂರು ನಿಮಿಷ ಮಾತಾಡಬೇಕಾದರೆ ಮೂರು ಸಲ ಪಾಠ ಓದಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಾಗಬೇಕು. ಧ್ವನಿ ಮುದ್ರಿಸಿ ಮತ್ತೆ ಕೇಳುವಾಗ, ತಾವು ಎಲ್ಲಿ ತೊದಲಿದೆವೋ ಅಲ್ಲೇ ತಮಗೆ ಪಾಠ ಗೊತ್ತಿರಲಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ. ಪರೀಕ್ಷೆಯ ಅಂಕ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಕೃತಕ ಬುದ್ಧಿಮತ್ತೆಯನ್ನೂ ನಾನು ಹೀಗೇ ತರಗತಿಗೆ ತರುತ್ತೇನೆ, ಗುರುವಾಗಿ ಅಲ್ಲ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದಕ್ಕೆ 110 ಭಾಷೆ ಸೇರಿಸಿದಾಗ ಅದರಲ್ಲಿ ತುಳುವೂ ಇತ್ತು. ಮಕ್ಕಳಿಗೆ ಅಂದು ಆದ ಖುಷಿ ಸಣ್ಣದಲ್ಲ, ತಮ್ಮ ಮನೆಮಾತು ಯಂತ್ರಕ್ಕೆ ಬರುತ್ತದೆ ಎಂದು. ಈಗ ತುಳು ಮಾತಾಡುವ ಮಕ್ಕಳಿಗೆ ನಾನು ಕೊಡುವ ಕೆಲಸ ಇದು. ಯಂತ್ರ ಕೊಟ್ಟ ಹತ್ತು ವಾಕ್ಯ ನೋಡಿ, ನಿಮ್ಮ ಅಜ್ಜಿ ಹೀಗೆ ಹೇಳುತ್ತಾರಾ ಎಂದು ಮನೆಯಲ್ಲಿ ಕೇಳಿ, ವ್ಯತ್ಯಾಸ ಬರೆದು ತನ್ನಿ. ಹಾಗೆ ಮಾಡುವಾಗ ಮಗುವೇ ಬಲ್ಲವನು, ಯಂತ್ರ ಕಲಿಯುವವನು.

ಇನ್ನೊಂದು ಸಲ ಒಂದು ಚಾಟ್‌ಬಾಟಿಗೆ ನಮ್ಮ ಊರಿನ ಸುರಂಗದ ಬಗ್ಗೆ ಕೇಳಿದೆವು. ರಾಜರು ಯುದ್ಧದ ಸಮಯದಲ್ಲಿ ತಪ್ಪಿಸಿಕೊಳ್ಳಲು ಮಾಡಿದ ಗುಪ್ತ ದಾರಿ ಎಂದು ಅದು ಚಂದದ ಕನ್ನಡದಲ್ಲಿ ಬರೆಯಿತು. ಕ್ಲಾಸಿಗೆ ಕ್ಲಾಸೇ "ಅಲ್ಲ!" ಎಂದಿತು. ಆ 'ಅಲ್ಲ'ದಿಂದಲೇ ನಮ್ಮ ವರ್ಷದ ಅತ್ಯುತ್ತಮ ಪಾಠ ಹುಟ್ಟಿತು.

ಸುರಂಗದ ಲೆಕ್ಕ

ಈ ಕಡೆಯವರಲ್ಲದ ಓದುಗರಿಗಾಗಿ ಹೇಳುತ್ತೇನೆ. ಕಾಸರಗೋಡಿನಲ್ಲಿ ಸುರಂಗವೆಂದರೆ ಅಡ್ಡ ಬಾವಿ. ಮುರಕಲ್ಲಿನ ಗುಡ್ಡೆಯ ಬದಿಯನ್ನು ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಕಲ್ಲಿನ ಸಂದಿಗಳಿಂದ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಆದರೂ ಬೇಸಗೆಯಲ್ಲಿ ನೀರಿಗೆ ಕಷ್ಟ, ಏಕೆಂದರೆ ಇಳಿಜಾರಿನಲ್ಲಿ ಬಿದ್ದ ಮಳೆ ಬೇಗ ಸಮುದ್ರ ಸೇರುತ್ತದೆ. ಗುಡ್ಡೆಯ ಒಳಗೆ ಇಳಿದ ಪಾಲನ್ನು ಹಿಡಿಯುವ ಉಪಾಯ ಸುರಂಗ. ಎಷ್ಟೋ ಅಡಿಕೆ ತೋಟಗಳು ಇದರಿಂದಲೇ ಬದುಕಿವೆ.

ಸಮಾಜ ವಿಜ್ಞಾನದ ಟೀಚರ್ ಮತ್ತು ನಾನು ಸೇರಿ ಇದನ್ನು ಮೂರು ತಿಂಗಳ ಕೆಲಸ ಮಾಡಿದೆವು. ಮೊದಲ ನಿಯಮ, ಮಕ್ಕಳು ಸುರಂಗದ ಒಳಗೆ ಕಾಲಿಡಬಾರದು. ಹಾವು ಇರಬಹುದು, ಮಣ್ಣು ಕುಸಿಯಬಹುದು, ಒಳಗೆ ಗಾಳಿ ಸಾಲದೇ ಇರಬಹುದು. ಎಲ್ಲ ಕೆಲಸ ಬಾಯಿಯ ಹೊರಗೇ. ಎರಡನೆಯದು, ತೋಟದವರ ಒಪ್ಪಿಗೆಯಿಲ್ಲದೆ ಜಾಗವನ್ನು ನಕ್ಷೆಯಲ್ಲಿ ಹಾಕಬಾರದು. ನೀರಿನ ಜಾಗ ಮನೆಯ ಸ್ವತ್ತು, ಅದನ್ನು ಊರಿಗೆಲ್ಲ ತೋರಿಸುವ ಹಕ್ಕು ನಮಗಿಲ್ಲ.

ಮಕ್ಕಳು ಮನೆಯ ದೊಡ್ಡವರ ಜೊತೆ ಹೋಗಿ, ದೊಡ್ಡವರ ಫೋನಿನಲ್ಲೇ ಜಾಗದ ಅಕ್ಷಾಂಶ, ರೇಖಾಂಶ ತಂದರು. ಸುರಂಗದ ಉದ್ದವನ್ನು ಅಜ್ಜಂದಿರು ಕೋಲಿನ ಲೆಕ್ಕದಲ್ಲಿ ಹೇಳಿದರು. ಒಂದು ಕೋಲು ಎಂದರೆ ಎಷ್ಟು? ಪುಸ್ತಕದಲ್ಲಿ ಇಲ್ಲ. ಒಬ್ಬ ಹುಡುಗ ಮನೆಯ ಹಳೆಯ ಅಳತೆಕೋಲನ್ನೇ ತಂದ. ಟೇಪಿನಲ್ಲಿ ಅಳೆದರೆ 70 ಚಿಲ್ಲರೆ ಸೆಂಟಿಮೀಟರ್. ಅಲ್ಲಿಂದ ಎಲ್ಲವನ್ನೂ ಮೀಟರಿಗೆ ತಿರುಗಿಸಿದರು. ಏಕಮಾನ ಬದಲಿಸುವ ಲೆಕ್ಕವನ್ನು ನಾನು ಅಷ್ಟು ವರ್ಷ ಬೋರ್ಡಿನಲ್ಲಿ ಮಾಡಿಸಿದ್ದೆ. ಇಷ್ಟು ಆಸೆಯಿಂದ ಮಾಡಿದ್ದನ್ನು ಕಂಡಿರಲಿಲ್ಲ.

ಇನ್ನು ನೀರು. ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಬರೆಯಬೇಕು, ಅಷ್ಟೇ. ಒಂದು ಸುರಂಗದಲ್ಲಿ ಡಿಸೆಂಬರ್‌ನಲ್ಲಿ 50 ಸೆಕೆಂಡು. ಅಂದರೆ ನಿಮಿಷಕ್ಕೆ 12 ಲೀಟರ್. ಅದೇ ಬಕೆಟ್ ಮಾರ್ಚ್‌ನಲ್ಲಿ 125 ಸೆಕೆಂಡು ತೆಗೆದುಕೊಂಡಿತು. ನಿಮಿಷಕ್ಕೆ 4.8 ಲೀಟರ್. ಎಲ್ಲರ ಅಂಕಿಗಳನ್ನೂ ಲಿಬ್ರೆಆಫೀಸಿನ ಒಂದೇ ಕೋಷ್ಟಕಕ್ಕೆ ತುಂಬಿ ರೇಖಾಚಿತ್ರ ಮಾಡಿದಾಗ ಒಂದು ಗೆರೆ ಉಳಿದವುಗಳ ಹಾಗೆ ಇಳಿದಿರಲಿಲ್ಲ. ಆ ಸುರಂಗ ಮಾತ್ರ ಏಕೆ ಒಣಗಲಿಲ್ಲ? ನಕ್ಷೆಯ ಮೇಲೆ ನೋಡಿದರು. ಅದರ ಮೇಲಿನ ಗುಡ್ಡೆಯಲ್ಲಿ ಕಾಡು ಹಾಗೇ ಉಳಿದಿದೆ ಎಂದು ಒಬ್ಬಳು. ಮೇಲೆ ಒಂದು ಮದಕ (ಮಳೆನೀರು ನಿಲ್ಲುವ ಕೆರೆ) ಉಂಟು, ಅದರ ನೀರು ಇಳಿಯುತ್ತದೆ ಎಂದು ಇನ್ನೊಬ್ಬ. ಎರಡಕ್ಕೂ ಸಾಕ್ಷಿ ಬೇಕು. ಒಂದೇ ಸುರಂಗದಿಂದ ಏನನ್ನೂ ತೀರ್ಮಾನಿಸುವ ಹಾಗಿಲ್ಲ ಎಂದು ನಾನು ಹೇಳುವ ಮೊದಲೇ ಒಬ್ಬಳು ಹೇಳಿದಳು.

ಇಲ್ಲಿ ತಂತ್ರಜ್ಞಾನ ಎಲ್ಲಿದೆ ಎಂದು ನೋಡಿ. ಫೋನಿನಲ್ಲಿ ಒಂದು ನಿಮಿಷ, ಕೋಷ್ಟಕದಲ್ಲಿ ಎರಡು ಪೀರಿಯಡ್, ನಕ್ಷೆಯಲ್ಲಿ ಒಂದು. ಉಳಿದದ್ದೆಲ್ಲ ಬಕೆಟು, ಟೇಪು, ಅಜ್ಜನ ಮಾತು. ಆದರೆ ಆ ಕೋಷ್ಟಕ ಇಲ್ಲದಿದ್ದರೆ ಇಳಿಯದ ಆ ಗೆರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರೂಬೆನ್ ಪ್ವೆಂಟೆಡುರಾ ಎಂಬವರು ತರಗತಿಯ ತಂತ್ರಜ್ಞಾನಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಹಳೆಯ ಕೆಲಸವನ್ನೇ ಯಂತ್ರದಲ್ಲಿ ಮಾಡುತ್ತೇವೆ. ಮೇಲಿನದರಲ್ಲಿ ಯಂತ್ರವಿಲ್ಲದೆ ಆಗದ ಕೆಲಸ ಮಾಡುತ್ತೇವೆ. ಎಲ್ಲ ಪಾಠವೂ ಮೇಲಿನ ಮೆಟ್ಟಿಲಲ್ಲೇ ನಡೆಯಬೇಕು ಎಂದು ನಾನು ನಂಬುವುದಿಲ್ಲ. ಸೀಮೆಸುಣ್ಣದಲ್ಲಿ ಚೆನ್ನಾಗಿ ಆಗುವುದನ್ನು ಸೀಮೆಸುಣ್ಣದಲ್ಲೇ ಮಾಡಬೇಕು. ಆದರೆ ವರ್ಷದಲ್ಲಿ ಒಂದೆರಡು ಸಲವಾದರೂ ಮಕ್ಕಳು ಮೇಲಿನವರೆಗೆ ಹತ್ತಲೇಬೇಕು.

ಹೀಗೆ ಪಾಠ ಮಾಡಿದರೆ ಅಧ್ಯಾಪಕರ ಕೆಲಸ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ತದ್ವಿರುದ್ಧ. ಕ್ಲಾಸಿನಲ್ಲಿ ನಾನು ಮಾತಾಡುವುದು ಕಡಿಮೆ, ಆದರೆ ಹಿಂದಿನ ರಾತ್ರಿಯ ಕೆಲಸ ಇಮ್ಮಡಿ. ಯಾವ ಪ್ರಶ್ನೆ ಕ್ಲಾಸನ್ನು ಎರಡು ಪಕ್ಷ ಮಾಡುತ್ತದೆ ಎಂದು ಹುಡುಕಬೇಕು. ಕಡತ ತೆರೆಯುತ್ತದಾ ಎಂದು ನೋಡಬೇಕು. ಕರೆಂಟು ಹೋದರೆ ಏನು ಎಂದು ಯೋಚಿಸಿಡಬೇಕು. ಪಾಠ ಮುಗಿಯದೆ ಉಳಿಯುವ ಭಯವೂ ಇದೆ. ಮಾರ್ಚ್‌ನ ಎಸ್ಸೆಸ್ಸೆಲ್ಸಿ ಯಾರನ್ನೂ ಕಾಯುವುದಿಲ್ಲ. ನಾನು ಮಾಡುವುದು ಇಷ್ಟು. ಒಂದು ಅಧ್ಯಾಯದಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವ ಒಂದೇ ಜಾಗ ಆರಿಸಿ, ಅಲ್ಲಿಗೆ ಮಾತ್ರ ಇಷ್ಟು ಸಮಯ ಕೊಡುತ್ತೇನೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಎಡವುವ ಜಾಗ ದಾಟಿದ ಮಕ್ಕಳು ಉಳಿದದ್ದನ್ನು ತಾವೇ ಓದಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಸುರಂಗದ ಕೋಷ್ಟಕ ಈಗಲೂ ಲ್ಯಾಬಿನ ಮೂರನೇ ಕಂಪ್ಯೂಟರಿನಲ್ಲಿದೆ. ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ, ಆದರೆ ಸುರಂಗದ ನೀರು ಎಷ್ಟು ಇಳಿಯುತ್ತದೆ ಎಂದು ತಿಳಿಯುವುದೇ ಆಗ. ಕೊನೆಯ ದಿನ ಆ ಎರಡು ತಿಂಗಳ ಸಾಲನ್ನು ತೋರಿಸಿ, ಇದನ್ನು ಏನು ಮಾಡುವುದು ಎಂದು ಕೇಳಿದೆ. ಇಳಿಯದ ಸುರಂಗದ ಹತ್ತಿರ ಮನೆಯಿರುವ ಹುಡುಗಿ ಎದ್ದು ನಿಂತಳು. "ಬಕೆಟ್ ನಮ್ಮಲ್ಲೇ ಉಂಟು ಟೀಚರ್. ಪ್ರತಿ ಆದಿತ್ಯವಾರ ನಾನು ಬರೆದಿಡ್ತೇನೆ."